ಹೊಸ ಬೈಕು ಆಯಿಲ್ ಕುಡಿಯುವುದು ಯಾಕೆ?

ಶಿವಮೊಗ್ಗದ ಓದುಗರೊಬ್ಬರ ಪ್ರಶ್ನೆ: ‘ಆಯುಧಪೂಜೆಗೆ ಹೊಸ ಬೈಕು ತಂದೆ. ಇನ್ನೂ ಮೊದಲ ಸರ್ವಿಸ್ ಆಗಿಲ್ಲ, ಆಗಲೇ ಆಯಿಲ್ ಮೇಲಿನ ಗೆರೆಯಿಂದ ಅರ್ಧಕ್ಕೆ ಇಳಿದಿದೆ. ಎಲ್ಲೂ ಸೋರಿದ ಗುರುತಿಲ್ಲ. ಹೊಸ ಗಾಡಿ ಸ್ವಲ್ಪ ಕುಡಿಯುತ್ತೆ ಸಾರ್ ಅಂತ ಶೋರೂಮಿನವರು. ರಿಂಗ್ ಹೋಗಿದೆ ಅಂತ ನಮ್ಮ ಬೀದಿಯ ಮೆಕ್ಯಾನಿಕ್. ಯಾರನ್ನು ನಂಬಲಿ?’

ಸದ್ಯಕ್ಕೆ ಶೋರೂಮಿನವರನ್ನು. ಆದರೆ ಅವರು ಅರ್ಧ ಹೇಳಿ ನಿಲ್ಲಿಸಿದ್ದಾರೆ. ಕಾರ್ಖಾನೆಯಿಂದ ಹೊರಬಿದ್ದ ಎಂಜಿನ್ ಇನ್ನೂ ಪೂರ್ತಿ ತಯಾರಾಗಿರುವುದಿಲ್ಲ. ಸಿಲಿಂಡರಿನ ಒಳಗೋಡೆ ಮತ್ತು ಪಿಸ್ಟನ್ ರಿಂಗುಗಳನ್ನು ಒಂದಕ್ಕೊಂದು ಹೊಂದಿಸುವ ಕೊನೆಯ ಕೆಲಸ ರಸ್ತೆಯ ಮೇಲೆ, ಸವಾರನ ಕೈಯಲ್ಲೇ ಆಗಬೇಕು.

ಹಿಂದೆ ಹೊಸ ಒರಳುಕಲ್ಲು ಮನೆಗೆ ಬಂದರೆ ಏನು ಮಾಡುತ್ತಿದ್ದರು? ಕಲ್ಲುಕುಟಿಗ ಉಳಿಯಿಂದ ಕಚ್ಚು ಹೊಡೆದು ಕೊಟ್ಟ ಕಲ್ಲು ಅದು. ಬಂದ ದಿನವೇ ಅದರಲ್ಲಿ ದೋಸೆಗೆ ರುಬ್ಬುತ್ತಿರಲಿಲ್ಲ. ಹಿಡಿ ತವುಡನ್ನೋ ನುಚ್ಚನ್ನೋ ಹಾಕಿ ತಿರುವಿ, ಕಲ್ಲಿನ ಪುಡಿ ಬೆರೆತ ಆ ಹಿಟ್ಟನ್ನು ಚೆಲ್ಲುತ್ತಿದ್ದರು. ಹೀಗೆ ಕೆಲವು ಸಲ ಮಾಡಿದ ಮೇಲೆ ಗುಂಡುಕಲ್ಲು ಒರಳಿನ ಕುಳಿಗೆ ಸರಿಯಾಗಿ ಕೂರುತ್ತಿತ್ತು. ಕಚ್ಚು ತೀರಾ ಒರಟಾಗಿದ್ದರೆ ಹಿಟ್ಟಿನಲ್ಲಿ ಕಲ್ಲು ಸಿಗುತ್ತದೆ. ಪೂರ್ತಿ ಸವೆದು ನುಣುಪಾದರೆ ಅಕ್ಕಿ ಜಾರುತ್ತದೆ, ನುರಿಯುವುದಿಲ್ಲ, ಮತ್ತೆ ಕಲ್ಲು ಕುಟ್ಟಿಸಬೇಕು. ಸಿಲಿಂಡರಿನಲ್ಲೂ ಈ ಮೂರೂ ಇವೆ: ಕಚ್ಚು, ಚೆಲ್ಲುವ ಮೊದಲ ಹಿಟ್ಟು, ಅತಿ ನುಣುಪಿನ ಅಪಾಯ.

ಕಚ್ಚಿನಿಂದ ಶುರು ಮಾಡೋಣ. ಸಿಲಿಂಡರನ್ನು ಕೊರೆದ ಮೇಲೆ ಅದರೊಳಗೆ ಸಾಣೆಕಲ್ಲುಗಳನ್ನು ಸುತ್ತಿಸುತ್ತಾ ಮೇಲೆ ಕೆಳಗೆ ಆಡಿಸುತ್ತಾರೆ. ಇದೇ ಹೋನಿಂಗ್. ಗೋಡೆಯ ಮೇಲೆ ಓರೆಯಾಗಿ ಒಂದನ್ನೊಂದು ಹಾಯುವ ಸಣ್ಣ ಗೀರುಗಳು ಮೂಡುತ್ತವೆ. ತಗ್ಗಿನಲ್ಲಿ ಆಯಿಲ್ ನಿಲ್ಲಬೇಕು. ದಿಣ್ಣೆಗಳ ನೆತ್ತಿಯನ್ನು ರಿಂಗುಗಳು ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಸವೆಸಿ ಮಟ್ಟ ಮಾಡಬೇಕು. ಪಿಸ್ಟನ್ನಿನಲ್ಲಿ ಸಾಮಾನ್ಯವಾಗಿ ಮೂರು ರಿಂಗು. ಮೇಲಿನ ಎರಡರ ಮುಖ್ಯ ಕೆಲಸ ಅನಿಲ ತಡೆಯುವುದು, ಕೆಳಗಿನದರದ್ದು ಗೋಡೆಯ ಆಯಿಲನ್ನು ಕೆರೆದು ಇಳಿಸುವುದು. ಇವು ಇನ್ನೂ ಸುತ್ತಲೂ ಒಂದೇ ಸಮ ಕೂರದ ಕಾರಣ ಆಯಿಲ್ ಪದರ ತುಸು ದಪ್ಪಗೆ ಉಳಿದು, ಪೆಟ್ರೋಲಿನ ಜೊತೆ ಉರಿದು ಸೈಲೆನ್ಸರಿನಿಂದ ಹೋಗುತ್ತದೆ. 4,000 ಆರ್‌ಪಿಎಂ ಅಂದರೆ ಪಿಸ್ಟನ್ ನಿಮಿಷಕ್ಕೆ 4,000 ಸಲ ಇಳಿದು ಏರುತ್ತದೆ. ಹೊಗೆ ಕಣ್ಣಿಗೆ ಬೀಳದಿದ್ದರೂ ಲೆಕ್ಕ ಬೆಳೆಯುತ್ತಲೇ ಇರುತ್ತದೆ.

ಈ ಹೊಂದಾಣಿಕೆಯ ಕಷ್ಟ ಪೆಟ್ರೋಲ್ ಎಂಜಿನ್ನಿಗಿಂತ ಹಳೆಯದು. ಉಗಿಯ ಕಾಲದಲ್ಲಿ ಪಿಸ್ಟನ್ನಿಗೆ ನಾರಿನ ಹುರಿ ಸುತ್ತಿ, ಕೊಬ್ಬು ಸವರಿ ಉಗಿ ಸೋರದಂತೆ ನೋಡಿಕೊಳ್ಳುತ್ತಿದ್ದರು. ಇಂಗ್ಲೆಂಡಿನ ರೈಲ್ವೆ ಎಂಜಿನಿಯರ್ ಜಾನ್ ರಾಮ್ಸ್‌ಬಾಟಮ್ 1852ರಲ್ಲಿ ಒಂದು ಕಡೆ ಸೀಳಿದ ಲೋಹದ ಉಂಗುರವನ್ನು ತಂದರು. ಸಿಲಿಂಡರಿಗಿಂತ ತುಸು ದೊಡ್ಡದಾಗಿ ಬಗ್ಗಿಸಿ, ಅದುಮಿ ಒಳಗೆ ಕೂರಿಸಿದರೆ ಅದು ತನ್ನ ಬಿಗಿಯಿಂದಲೇ ಗೋಡೆಯನ್ನು ಒತ್ತುತ್ತದೆ. ಎಷ್ಟು ಸರಳ! ಆದರೆ ಆ ಮೊದಲ ರಿಂಗುಗಳು ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಸವೆದವು. ಪೂರ್ತಿ ದುಂಡಗಿನ ರಿಂಗನ್ನು ಸೀಳಿ ಅದುಮಿದರೆ ಒತ್ತಡ ಸುತ್ತಲೂ ಸಮವಾಗಿರುವುದಿಲ್ಲ ಎಂಬುದು ಆಗ ಹೊಳೆಯಿತು. ಬೇಕೆಂದೇ ದುಂಡು ತಪ್ಪಿಸಿ ಮಾಡಿದ, ಒಳಗೆ ಕೂತ ಮೇಲೆ ಸಮನಾಗಿ ಒತ್ತುವ ರಿಂಗು ಹುಟ್ಟಿದ್ದು ಹೀಗೆ. 1855ರ ಪೇಟೆಂಟಿನಲ್ಲಿ ಈ ತಿದ್ದುಪಡಿ ಇದೆ. ಇಂದು ನಿಮ್ಮ ಬೈಕಿನೊಳಗಿರುವುದು ಅದರದೇ ಸಂತತಿ. ನನ್ನ ಮಟ್ಟಿಗೆ ಎಂಜಿನ್ನುಗಳ ಚರಿತ್ರೆಯಲ್ಲಿ ಇದಕ್ಕಿಂತ ಸೊಗಸಾದ ಯೋಚನೆ ಇನ್ನೊಂದಿಲ್ಲ.

ಹೊಸ ಗಾಡಿಯನ್ನು ಮೆತ್ತಗೆ ಓಡಿಸಬೇಕೆಂಬ ಬುದ್ಧಿಮಾತನ್ನು ಅತಿಗೆ ಎಳೆದು, ಸಾವಿರ ಕಿಲೋಮೀಟರ್ ತೆವಳಿಸುವವರಿದ್ದಾರೆ. ಅದು ತಪ್ಪು. ರಿಂಗಿನ ಸ್ವಂತ ಬಿಗಿ ಕಡಿಮೆ. ಉರಿಯುವ ಅನಿಲ ಅದರ ಹಿಂದಿನ ಸಂದಿಗೆ ನುಗ್ಗಿ ತಳ್ಳಿದಾಗಲೇ ಮೇಲಿನ ರಿಂಗು ಗೋಡೆಯನ್ನು ಗಟ್ಟಿಯಾಗಿ ಒತ್ತುವುದು. ಆಕ್ಸಿಲರೇಟರ್ ಕೊಡದಿದ್ದರೆ ಆ ಒತ್ತಡವಿಲ್ಲ. ಅರೆಸುಟ್ಟ ಆಯಿಲ್ ಗೀರುಗಳಲ್ಲಿ ಕೂತು ಗೋಡೆಗೆ ನುಣ್ಣನೆ ಮೆರುಗು ಬರುತ್ತದೆ. ಆಮೇಲೆ ರಿಂಗು ಕೂರುವುದು ಕಷ್ಟ. ಎಂಜಿನ್ ಬಿಚ್ಚಿ ಮತ್ತೆ ಹೋನಿಂಗ್ ಮಾಡಿಸಬೇಕಾದೀತು. ಹಾಗೆಂದು ತಣ್ಣಗಿನ ಎಂಜಿನ್ನಿನ ಕಿವಿ ಹಿಂಡಿದರೆ ಆಯಿಲ್ ಪದರ ಹರಿದು ಲೋಹಕ್ಕೆ ಲೋಹ ಕಚ್ಚುತ್ತದೆ. ಎಂಜಿನ್ ಬಿಸಿಯಾದ ಮೇಲೆ, ಕೈಪಿಡಿ ಹೇಳಿದ ಮಿತಿಯೊಳಗೆ, ವೇಗ ಏರುತ್ತಾ ಇಳಿಯುತ್ತಾ ಇರಲಿ. ತೀರ್ಥಹಳ್ಳಿ ಕಡೆಯ ಏರಿಳಿತದ ರಸ್ತೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹೋಗುವ ಹೆದ್ದಾರಿ ಬೇಡ.

ಈಗಿನ ಎಂಜಿನ್ನಿಗೆ ಹೀಗೆ ಹದಗೊಳಿಸುವ ಆರಂಭದ ಓಟ, ಅಂದರೆ ರನ್ನಿಂಗ್ ಇನ್, ಬೇಕೇ ಇಲ್ಲ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ದಿಣ್ಣೆಗಳ ನೆತ್ತಿಯನ್ನು ಈಗ ಕಾರ್ಖಾನೆಯಲ್ಲೇ ಸಾಕಷ್ಟು ತರಿಯುತ್ತಾರೆ, ನಿಜ. ಅದರಿಂದ ಕೆಲಸ ಕಡಿಮೆಯಾಗಿದೆ, ಇಲ್ಲವಾಗಿಲ್ಲ. ಘರ್ಷಣೆ ಇಳಿಸುತ್ತೇವೆಂದು ಮಾರುವ ಬಾಟಲಿ ದ್ರವಗಳಿಂದಲೂ ದೂರವಿರಿ. ಈ ಹಂತದಲ್ಲಿ ಎಂಜಿನ್ನಿಗೆ ಬೇಕಿರುವುದೇ ಅಳತೆಯ ಘರ್ಷಣೆ. ಜೊತೆಗೆ ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಮುಳುಗಿರುವುದು ಇದೇ ಆಯಿಲಿನಲ್ಲಿ, ಅದು ಜಾರತೊಡಗಬಹುದು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಓಡಿಸಿದ ಹಿರಿಯರಿಗೆ ನೀಲಿ ಹೊಗೆ ಅಂದರೆ ಚಿಂತೆಯಿಲ್ಲ. ಅವು ಟೂ ಸ್ಟ್ರೋಕ್ ಗಾಡಿಗಳು, ಪೆಟ್ರೋಲಿಗೆ ಬೆರೆತ ಆಯಿಲ್ ಉರಿಯುವುದೇ ಅಲ್ಲಿನ ಕ್ರಮ. ಫೋರ್ ಸ್ಟ್ರೋಕಿನಲ್ಲಿ ರನ್ನಿಂಗ್ ಇನ್ ಮುಗಿದ ಮೇಲೂ ನೀಲಿ ಹೊಗೆ ಬಂದರೆ ಅದು ದೋಷವೇ.

ಸಹಜ ಎಂದು ಸುಮ್ಮನಿರುವಂತೆಯೂ ಇಲ್ಲ. 100 ಸಿಸಿ ಬೈಕಿನಲ್ಲಿರುವುದು ಹೆಚ್ಚುಕಡಿಮೆ ಒಂದು ಲೀಟರ್ ಆಯಿಲ್, ಗೇರ್‌ಬಾಕ್ಸಿಗೂ ಅದೇ. ಅದರಲ್ಲಿ 200 ಮಿಲಿ ಹೋದರೆ ಐದರಲ್ಲಿ ಒಂದು ಪಾಲು ಹೋದಂತೆ. ವಾರಕ್ಕೊಮ್ಮೆ ಗಾಡಿಯನ್ನು ಸಮನೆಲದಲ್ಲಿ ನೇರ ನಿಲ್ಲಿಸಿ, ಎಂಜಿನ್ ಆರಿಸಿ ಕೆಲವು ನಿಮಿಷ ಬಿಟ್ಟು ನೋಡಿ. ಸೈಡ್ ಸ್ಟ್ಯಾಂಡಿನಲ್ಲಿ ನೋಡಿದ ಮಟ್ಟ ಸುಳ್ಳು. ಅಳತೆ ಕಡ್ಡಿಯನ್ನು ಕೆಲವು ಬೈಕುಗಳಲ್ಲಿ ತಿರುಪದೆ ಬರೀ ಇಳಿಬಿಟ್ಟು ನೋಡಬೇಕು, ಕೈಪಿಡಿ ಓದಿಕೊಳ್ಳಿ. ಕೆಳಗಿನ ಗೆರೆ ಮುಟ್ಟುವ ಮೊದಲೇ ಅದೇ ದರ್ಜೆಯ ಆಯಿಲ್ ತುಂಬಿಸಿ. ಮೊದಲ ಸರ್ವಿಸಿನಲ್ಲಿ ಆಯಿಲ್ ಬದಲಿಸುವುದನ್ನು ಮಾತ್ರ ಮುಂದೂಡಬೇಡಿ: ಸವೆದ ಲೋಹದ ಸಣ್ಣ ಪುಡಿಯೆಲ್ಲ ಅದರಲ್ಲೇ ಇರುತ್ತದೆ, ಚೆಲ್ಲಬೇಕಾದ ಮೊದಲ ಹಿಟ್ಟು ಅದು. ಆಮೇಲೆ ಪ್ರತಿ ಸಲ ತುಂಬಿಸಿದ್ದೆಷ್ಟು, ಮೀಟರ್ ಎಷ್ಟಿತ್ತು ಬರೆದಿಡಿ. ಎರಡನೆಯ ಸರ್ವಿಸ್ ಹೊತ್ತಿಗೂ ಇಳಿತ ಕಡಿಮೆಯಾಗಿರದಿದ್ದರೆ ಆ ಬರಹ ಹಿಡಿದು ಕಂಪನಿ ಸರ್ವಿಸಿಗೆ ಹೋಗಿ ಕಂಪ್ರೆಷನ್ ಅಳೆಸಿ. ವಾರಂಟಿ ಇರುವ ತನಕ ಹೊರಗೆಲ್ಲೂ ಎಂಜಿನ್ ಬಿಚ್ಚಿಸಬೇಡಿ.