ಅರ್ಧ ಮಾತ್ರ ಅನುವಾದವಾದ ಒಂದು ಮನೆತನದ ಹೆಸರು

ಲಾರ್ಡ್ ಮೌಂಟ್‌ಬ್ಯಾಟನ್ ಎಂದರೆ ನಮ್ಮಲ್ಲಿ ಶಾಲೆಯ ಮೆಟ್ಟಿಲು ಹತ್ತಿದ ಎಲ್ಲರಿಗೂ ಗೊತ್ತು. ಭಾರತದ ಕೊನೆಯ ವೈಸರಾಯ್, ಸ್ವತಂತ್ರ ಭಾರತದ ಮೊದಲ ಗವರ್ನರ್ ಜನರಲ್. ಹೆಸರು ಕೇಳಿದರೆ ಅಪ್ಪಟ ಇಂಗ್ಲಿಷ್ ಮನೆತನ, ನಾಲ್ಕೈದು ಶತಮಾನಗಳಿಂದ ಇಂಗ್ಲೆಂಡಿನ ಯಾವುದೋ ಕೋಟೆಯಲ್ಲಿ ಬೇರೂರಿದ್ದು ಎನಿಸುತ್ತದೆ. ಆದರೆ 1947ರ ಮಾರ್ಚ್‌ನಲ್ಲಿ ಅವರು ದೆಹಲಿಗೆ ಬಂದಿಳಿದಾಗ ಆ ಹೆಸರಿಗೆ ಇನ್ನೂ ಮೂವತ್ತು ವರ್ಷ ತುಂಬಿರಲಿಲ್ಲ. ಹೆಸರಿಗಿಂತ ಹೆಸರು ಹೊತ್ತ ವ್ಯಕ್ತಿಯೇ ಹದಿನೇಳು ವರ್ಷ ದೊಡ್ಡವರು! 1900ರಲ್ಲಿ ಅವರು ಹುಟ್ಟಿದಾಗ ಇಟ್ಟ ಹೆಸರು ಬೇರೆ. ಅದು ಜರ್ಮನ್ ಹೆಸರು: ಬ್ಯಾಟನ್‌ಬರ್ಗ್‌ನ ರಾಜಕುಮಾರ ಲೂಯಿ.

ಜರ್ಮನಿಯ ಹೆಸ್ಸೆ ಪ್ರಾಂತದ ಉತ್ತರ ಭಾಗದಲ್ಲಿ ಏಡರ್ ಎಂಬ ನದಿಯಿದೆ. ಅದರ ದಂಡೆಯ ಚಿಕ್ಕ ಪಟ್ಟಣವೇ ಬ್ಯಾಟನ್‌ಬರ್ಗ್. ಮಧ್ಯಯುಗದಲ್ಲಿ ಅಲ್ಲಿ ಅದೇ ಹೆಸರಿನ ಪಾಳೆಯಗಾರರ ಮನೆತನವೊಂದಿತ್ತು. ಹದಿನಾಲ್ಕನೆಯ ಶತಮಾನದಲ್ಲಿ ಅದು ಸಂತಾನವಿಲ್ಲದೆ ಅಳಿಯಿತು. ಮುಂದೆ ಸುಮಾರು ಐದು ನೂರು ವರ್ಷ ಆ ಪದವಿಗೆ ವಾರಸುದಾರರೇ ಇರಲಿಲ್ಲ.

ಊರ ಹೆಸರನ್ನು ಅಡ್ಡಹೆಸರಾಗಿ ಇಟ್ಟುಕೊಳ್ಳುವುದು ನಮ್ಮ ಧಾರವಾಡ, ವಿಜಯಪುರದ ಕಡೆಯವರಿಗೆ ಹೊಸದೇನಲ್ಲ. ಅಲ್ಲಿ ಹಿರಿಯರು ಯಾವ ಊರಿನಿಂದ ಬಂದರೋ ಆ ಊರು ಹೆಸರಿಗೆ ಅಂಟಿಕೊಳ್ಳುತ್ತದೆ. ಬ್ಯಾಟನ್‌ಬರ್ಗ್ ಮನೆತನದ ಕತೆ ಹಾಗಲ್ಲ. ಆ ಊರಿನಲ್ಲಿ ಅವರ ಹಿರಿಯರು ಬಾಳಿದವರಲ್ಲ. ಹೆಸರು ಬಂದದ್ದು ಒಂದು ಮದುವೆಯ ಮುಜುಗರದಿಂದ.

ಹೆಸ್ಸೆಯ ಗ್ರ್ಯಾಂಡ್ ಡ್ಯೂಕ್‌ನ ತಮ್ಮ ಅಲೆಕ್ಸಾಂಡರ್ ರಷ್ಯದ ಸೈನ್ಯದಲ್ಲಿ ಅಧಿಕಾರಿಯಾಗಿದ್ದ. ಅವನ ತಂಗಿ ಮುಂದೆ ತ್ಸಾರ್ ಆಗಲಿದ್ದ ಎರಡನೆಯ ಅಲೆಕ್ಸಾಂಡರನ ಹೆಂಡತಿ. ಆ ತಂಗಿಯ ಪರಿವಾರದಲ್ಲಿ ಯೂಲಿಯಾ ಹೌಕೆ ಎಂಬ ತರುಣಿಯಿದ್ದಳು. ವಾರ್ಸಾದಲ್ಲಿ ಹುಟ್ಟಿದವಳು, ತಂದೆ ರಷ್ಯದ ಸೇವೆಯಲ್ಲಿದ್ದ ಪೋಲಿಷ್ ಸೇನಾನಿ. 1830ರ ದಂಗೆಯಲ್ಲಿ ತಂದೆ ಕೊಲೆಯಾದ ಮೇಲೆ ಅವಳು ಅರಮನೆಯ ಆಶ್ರಯದಲ್ಲಿ ಬೆಳೆದಳು. ಅಲೆಕ್ಸಾಂಡರ್ ಅವಳಿಗೆ ಮನಸೋತ. ತ್ಸಾರ್ ಒಂದನೆಯ ನಿಕೊಲಸ್ ಒಪ್ಪಲಿಲ್ಲ. ಇಬ್ಬರೂ ರಾಜಧಾನಿ ಬಿಟ್ಟು ಓಡಿಹೋಗಿ 1851ರ ಅಕ್ಟೋಬರ್‌ನಲ್ಲಿ ಬ್ರೆಸ್‌ಲೌ ಪಟ್ಟಣದಲ್ಲಿ ಮದುವೆಯಾದರು. ವರ ಮಹಾಶಯನ ರಷ್ಯದ ಹುದ್ದೆ ಹೋಯಿತು.

ಹುಡುಗಿ ಸೇನಾನಿಯ ಮಗಳೇ ಆದರೂ ರಾಜರಕ್ತದವಳಲ್ಲ. ಯುರೋಪಿನ ಅರಸು ಮನೆತನಗಳಲ್ಲಿ ಇಂಥ ಅಸಮಾನ ಮದುವೆಗೆ ಬೇರೆಯದೇ ಕಾನೂನು. ಜರ್ಮನರು ಅದನ್ನು ‘ಎಡಗೈ ಮದುವೆ’ ಎನ್ನುತ್ತಿದ್ದರು. ವರ ವಧುವಿಗೆ ಬಲಗೈಯ ಬದಲು ಎಡಗೈ ನೀಡುವ ಪದ್ಧತಿಯಿಂದ ಬಂದ ಮಾತು. ಮದುವೆ ಧರ್ಮಸಮ್ಮತವೇ, ಮಕ್ಕಳು ಔರಸರೇ. ಆದರೆ ಹೆಂಡತಿಗೂ ಮಕ್ಕಳಿಗೂ ತಂದೆಯ ಪದವಿಯಿಲ್ಲ, ಸಿಂಹಾಸನದ ಹಕ್ಕಿಲ್ಲ, ತಂದೆಯ ಮನೆತನದ ಹೆಸರೂ ಇಲ್ಲ. ಹಾಗಾದರೆ ಅವರನ್ನು ಏನೆಂದು ಕರೆಯಬೇಕು? ಅಣ್ಣನಾದ ಗ್ರ್ಯಾಂಡ್ ಡ್ಯೂಕ್ ಒಂದು ದಾರಿ ಹುಡುಕಿದ. ತನ್ನ ರಾಜ್ಯದಲ್ಲಿ ಯಾರ ಪಾಲಿಗೂ ಇಲ್ಲದೆ ಬಿದ್ದಿದ್ದ ಹಳೆಯ ಬ್ಯಾಟನ್‌ಬರ್ಗ್ ಪದವಿಯನ್ನು ಧೂಳು ಕೊಡವಿ ತೆಗೆದು ನಾದಿನಿಗೆ ಕೊಟ್ಟ. ಅವಳು ಬ್ಯಾಟನ್‌ಬರ್ಗ್‌ನ ಕೌಂಟೆಸ್ ಆದಳು. 1858ರಲ್ಲಿ ರಾಜಕುಮಾರಿಯ ಪದವಿಗೇರಿದಳು.

ಅಂದರೆ ಈ ಹೆಸರು ಮಕ್ಕಳಿಗೆ ಬಂದದ್ದು ತಂದೆಯಿಂದಲ್ಲ, ತಾಯಿಯಿಂದ. ಸಂಸಾರ ನಡೆದದ್ದು ಡಾರ್ಮ್‌ಸ್ಟಾಟ್ ಬಳಿಯ ಹೈಲಿಗೆನ್‌ಬರ್ಗ್ ಎಂಬ ಮನೆಯಲ್ಲಿ. 1866ರ ಯುದ್ಧದ ನಂತರ ಬ್ಯಾಟನ್‌ಬರ್ಗ್ ಪಟ್ಟಣವೇ ಹೆಸ್ಸೆಯ ಕೈತಪ್ಪಿ ಪ್ರಷ್ಯಕ್ಕೆ ಸೇರಿತು. ಕುಟುಂಬದ ಬಳಿ ಉಳಿದದ್ದು ಬರೀ ಹೆಸರು.

ಸ್ವಂತ ನೆಲವಿಲ್ಲದ ರಾಜಕುಮಾರರು ಅಲೆಯಲೇಬೇಕಲ್ಲವೆ? ಬ್ಯಾಟನ್‌ಬರ್ಗ್ ಸಹೋದರರೂ ಹಾಗೆಯೇ ಯುರೋಪಿನ ದಿಕ್ಕುದಿಕ್ಕಿಗೆ ಚದರಿದರು. ಅಲೆಕ್ಸಾಂಡರ್ 1879ರಲ್ಲಿ ಬಲ್ಗೇರಿಯದ ದೊರೆಯಾದ. ಏಳು ವರ್ಷದಲ್ಲಿ ಪದತ್ಯಾಗ ಮಾಡಬೇಕಾಯಿತು. 1889ರಲ್ಲಿ ಒಬ್ಬ ಗಾಯಕಿಯನ್ನು ಮದುವೆಯಾಗಿ ಬ್ಯಾಟನ್‌ಬರ್ಗ್ ಹೆಸರನ್ನೇ ಬಿಟ್ಟು ಹಾರ್ಟೆನೌ ಎಂಬ ಹೊಸ ಹೆಸರು ಹಿಡಿದ. ಇನ್ನೊಬ್ಬ ಹೆನ್ರಿ, ವಿಕ್ಟೋರಿಯಾ ರಾಣಿಯ ಕಿರಿಯ ಮಗಳು ಬಿಯಾಟ್ರಿಸ್‌ಳನ್ನು 1885ರಲ್ಲಿ ವರಿಸಿ ಅತ್ತೆಯ ಮನೆಯಲ್ಲೇ ಉಳಿದ, ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮನೆಯಳಿಯ. ಬರ್ಲಿನ್ನಿನ ಅರಮನೆಯವರು ಈ ಸಂಬಂಧಕ್ಕೆ ಮೂಗು ಮುರಿದರು; ಎಡಗೈ ಮದುವೆಯ ಮಕ್ಕಳು ನಮ್ಮ ಸಮಾನರೆ ಎಂದು. ವಿಕ್ಟೋರಿಯಾ ಮಾತ್ರ ಅದಕ್ಕೆ ಸೊಪ್ಪು ಹಾಕಲಿಲ್ಲ.

ನಮ್ಮ ಕತೆಗೆ ಬೇಕಾದವನು ಹಿರಿಯ ಮಗ ಲೂಯಿ. 1868ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಆತ ಬ್ರಿಟಿಷ್ ಪ್ರಜೆಯಾಗಿ ಬ್ರಿಟನ್ನಿನ ನೌಕಾಪಡೆ ಸೇರಿದ. ಸಮುದ್ರವೇ ಇಲ್ಲದ ಹೆಸ್ಸೆಯ ಹುಡುಗನಿಗೆ ಹಡಗಿನ ಹುಚ್ಚು. ಇಂಗ್ಲಿಷ್ ಮಾತಿನಲ್ಲಿ ಜರ್ಮನ್ ಛಾಯೆ ಕೊನೆಯವರೆಗೂ ಹೋಗಲಿಲ್ಲವಂತೆ. ಆದರೂ ಮೆಟ್ಟಿಲು ಮೆಟ್ಟಿಲಾಗಿ ಏರಿ 1912ರ ಡಿಸೆಂಬರ್‌ನಲ್ಲಿ ‘ಫಸ್ಟ್ ಸೀ ಲಾರ್ಡ್’ ಆದ. ಅಂದರೆ ಆ ಕಾಲದಲ್ಲಿ ಜಗತ್ತಿನ ಅತಿ ದೊಡ್ಡದಾಗಿದ್ದ ನೌಕಾಪಡೆಯ ಮುಖ್ಯ ಅಧಿಕಾರಿ.

1914ರ ಜುಲೈ ಕೊನೆಯ ವಾರ. ತಾಲೀಮಿಗೆಂದು ಬ್ರಿಟನ್ನಿನ ಹಡಗುಗಳೆಲ್ಲ ಒಂದೆಡೆ ಸೇರಿದ್ದವು. ತಾಲೀಮು ಮುಗಿದು ಅವು ಚದುರಿಹೋಗಬೇಕಿತ್ತು. ಯುರೋಪಿನಲ್ಲಿ ಯುದ್ಧದ ಮೋಡ ಕವಿಯುತ್ತಿತ್ತು. ನೌಕಾ ಸಚಿವ ಚರ್ಚಿಲ್ ವಾರಾಂತ್ಯಕ್ಕೆ ಊರಾಚೆ ಹೋಗಿದ್ದರು. ಜುಲೈ 26ರಂದು ಲೂಯಿ, ಹಡಗುಗಳು ಇದ್ದಲ್ಲೇ ನಿಲ್ಲಲಿ ಎಂದು ಆಜ್ಞೆ ಹೊರಡಿಸಿದರು. ಹತ್ತೇ ದಿನದಲ್ಲಿ ಜರ್ಮನಿಯ ಮೇಲೆ ಯುದ್ಧ ಘೋಷಣೆಯಾದಾಗ ನೌಕಾಪಡೆ ಸಿದ್ಧವಾಗಿತ್ತು. ಅದಕ್ಕೆ ಕಾರಣನಾದವನು ಜರ್ಮನಿಯಲ್ಲಿ ಬೆಳೆದವನು.

ಆದರೆ ಯುದ್ಧ ಶುರುವಾದ ಮೇಲೆ ಬೀದಿಯ ಜನಕ್ಕೆ ಕಂಡದ್ದು ಈ ಕೆಲಸವಲ್ಲ, ಹೆಸರು. ‘ಬ್ಯಾಟನ್‌ಬರ್ಗ್’ ಎಂಬಾತ ನಮ್ಮ ನೌಕಾಪಡೆಯ ತಲೆಯ ಮೇಲೆ ಹೇಗೆ ಕುಳಿತಿದ್ದಾನೆ ಎಂಬ ಕೂಗೆದ್ದಿತು. ಸಮುದ್ರದಲ್ಲಿ ಬ್ರಿಟನ್ನಿಗೆ ಆದ ಆರಂಭದ ನಷ್ಟಗಳು ಅದಕ್ಕೆ ತುಪ್ಪ ಸುರಿದವು. ಪತ್ರಿಕೆಗಳು ಚುಚ್ಚಿದವು, ಅನಾಮಧೇಯ ಪತ್ರಗಳು ಬಂದವು. ಗೂಢಚಾರನೆಂದು ಹಿಡಿದು ಲಂಡನ್ ಟವರ್‌ನಲ್ಲಿ ಹಾಕಿದ್ದಾರಂತೆ ಎಂಬ ಪುಕಾರು ಹಬ್ಬಿತು. ಕೊನೆಗೆ ಅಕ್ಟೋಬರ್ 28ರಂದು, ತಮ್ಮ ಹುಟ್ಟೇ ಹುದ್ದೆಯ ಕೆಲಸಕ್ಕೆ ಅಡ್ಡಿಯಾಗುತ್ತಿದೆಯೆಂದು ಬರೆದು, ಲೂಯಿ ರಾಜೀನಾಮೆ ಕೊಟ್ಟರು. ಅದರ ಹಿಂದಿನ ದಿನವಷ್ಟೇ, ಹೆನ್ರಿಯ ಮಗ ಮಾರಿಸ್ ಬ್ಯಾಟನ್‌ಬರ್ಗ್, ಬೆಲ್ಜಿಯಂನ ಈಪ್ರ್ ರಣಾಂಗಣದಲ್ಲಿ ಬ್ರಿಟನ್ನಿನ ಪರ ಹೋರಾಡುತ್ತ ಸತ್ತಿದ್ದ. ಒಂದೇ ಹೆಸರು, ಒಂದೇ ವಾರ. ಒಬ್ಬನ ಜೀವ ಸಾಲದಾಯಿತು, ಇನ್ನೊಬ್ಬನ ನಲವತ್ತಾರು ವರ್ಷದ ಸೇವೆ ಸಾಲದಾಯಿತು.

ಆಗ ಲೂಯಿಯ ಕಿರಿಯ ಮಗ, ಅವನ ಹೆಸರೂ ಲೂಯಿಯೇ, ಹದಿನಾಲ್ಕರ ಹುಡುಗ. ಆಸ್‌ಬರ್ನ್ ನೌಕಾಶಾಲೆಯಲ್ಲಿ ಕಲಿಯುತ್ತಿದ್ದ. ಮನೆಯಲ್ಲಿ ಎಲ್ಲರೂ ಅವನನ್ನು ಡಿಕಿ ಎನ್ನುತ್ತಿದ್ದರು. ತಂದೆ ಇಳಿದ ಕುರ್ಚಿಯಲ್ಲಿ ತಾನು ಕೂರಬೇಕೆಂಬ ಹಟ ಅವನನ್ನು ಮುಂದೆ ನಾಲ್ಕು ದಶಕ ನಡೆಸಿತು.

ಯುದ್ಧ ಮುಂದುವರಿದಂತೆ ಜರ್ಮನ್ ವಿರೋಧದ ಬಿಸಿ ಅರಮನೆಗೂ ತಟ್ಟಿತು. ಜರ್ಮನ್ ಹೆಸರಿನ ಅಂಗಡಿಗಳ ಮೇಲೆ ಜನ ದಾಳಿ ಮಾಡಿದರು. 1917ರ ಜೂನ್‌ನಲ್ಲಿ ಲಂಡನ್ ಮೇಲೆ ಬಾಂಬು ಸುರಿದ ಜರ್ಮನ್ ವಿಮಾನಗಳ ಹೆಸರು ‘ಗೋಥಾ’. ದೊರೆ ಐದನೆಯ ಜಾರ್ಜ್‌ನ ಮನೆತನದ ಹೆಸರು ಸ್ಯಾಕ್ಸ್-ಕೋಬರ್ಗ್-ಗೋಥಾ! ಇನ್ನು ತಡೆಯುವಂತಿರಲಿಲ್ಲ. ಜುಲೈ 17ರಂದು ರಾಜಮನೆತನ ‘ವಿಂಡ್ಸರ್’ ಆಯಿತು. ಜರ್ಮನ್ ಹೆಸರಿನ ಬಂಧುಗಳೂ ಬದಲಾಗಬೇಕೆಂದು ದೊರೆಯ ಅಪ್ಪಣೆಯಾಯಿತು.

ಬ್ಯಾಟನ್‌ಬರ್ಗ್ ಹೆಸರನ್ನು ಏನು ಮಾಡುವುದು? ಇಲ್ಲಿ ಭಾಷೆಯ ವಿಷಯ ಸ್ವಲ್ಪ ಹೇಳಬೇಕು. ಜರ್ಮನ್ನಿನಲ್ಲಿ ‘ಬೆರ್ಗ್’ ಎಂದರೆ ಬೆಟ್ಟ. ‘ಬುರ್ಗ್’ ಎಂದರೆ ಕೋಟೆ. ಕನ್ನಡದಲ್ಲಿ ನಾವು ಎರಡನ್ನೂ ‘ಬರ್ಗ್’ ಎಂದು ಬರೆದುಬಿಡುತ್ತೇವೆ. ಹೈಡೆಲ್‌ಬರ್ಗ್‌ನಲ್ಲಿರುವುದು ಬೆಟ್ಟ, ಹ್ಯಾಂಬರ್ಗ್‌ನಲ್ಲಿರುವುದು ಕೋಟೆ ಎಂಬುದು ನಮ್ಮ ಅಕ್ಷರಗಳಿಂದ ತಿಳಿಯುವುದೇ ಇಲ್ಲ. ಬ್ಯಾಟನ್‌ಬರ್ಗ್‌ನದು ಬೆಟ್ಟ. ‘ಬ್ಯಾಟನ್‌ಹಿಲ್’ ಎಂದು ಮಾಡೋಣವೆಂಬ ಸಲಹೆ ಬಂತಾದರೂ ಅದು ಯಾರಿಗೂ ರುಚಿಸಲಿಲ್ಲ. ಕೊನೆಗೆ ‘ಬೆರ್ಗ್’ ‘ಮೌಂಟ್’ ಆಗಿ ಹಿಂದಿನಿಂದ ಮುಂದಕ್ಕೆ ಬಂತು. ‘ಬ್ಯಾಟನ್’ ಇದ್ದಂತೆಯೇ ಉಳಿಯಿತು. ನಮ್ಮ ನಂದಿಬೆಟ್ಟ ‘ನಂದಿ ಹಿಲ್ಸ್’ ಆದ ಹಾಗೆ ಅರ್ಧ ಅನುವಾದ. ಅದೇ ಹೊತ್ತಿನಲ್ಲಿ ಟೆಕ್ ಎಂಬ ಇನ್ನೊಂದು ಜರ್ಮನ್ ಮನೆತನ ‘ಕೇಂಬ್ರಿಜ್’ ಆಯಿತು. ಅಲ್ಲಿ ಹಳೆಯ ಹೆಸರಿನ ಗುರುತೂ ಇಲ್ಲ. ಬ್ಯಾಟನ್‌ಬರ್ಗಿನವರು ಅರ್ಧವನ್ನಾದರೂ ಉಳಿಸಿಕೊಂಡರು ಎನ್ನಬೇಕು.

ಹಿರಿಯ ಲೂಯಿ ರಾಜಕುಮಾರ ಪದವಿ ಬಿಟ್ಟು ಮಿಲ್ಫರ್ಡ್ ಹೇವನ್‌ನ ಮಾರ್ಕ್ವಿಸ್ ಆದರು. ಆಗ ಅವರು ಹಿರಿಯ ಮಗನ ಮನೆಯಲ್ಲಿದ್ದರು. ಬಂದಾಗ ರಾಜಕುಮಾರ ಹೈಡ್, ಹೊರಟಾಗ ಲಾರ್ಡ್ ಜೆಕಿಲ್ ಎಂದು ಅತಿಥಿಗಳ ಪುಸ್ತಕದಲ್ಲಿ ಬರೆದಿಟ್ಟು ಹೋದರಂತೆ. ಒಂದೇ ದೇಹದಲ್ಲಿ ಎರಡು ವ್ಯಕ್ತಿಗಳಿರುವ ಸ್ಟೀವನ್‌ಸನ್ನರ ಕತೆ ಬಲ್ಲವರಿಗೆ ಈ ನಗೆಯ ಹಿಂದಿನ ನೋವು ತಿಳಿಯುತ್ತದೆ. 1921ರ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡರು.

ಅದೇ ವರ್ಷದ ನವೆಂಬರ್‌ನಲ್ಲಿ ಡಿಕಿ ಮೊದಲ ಬಾರಿ ಭಾರತಕ್ಕೆ ಬಂದ, ವೇಲ್ಸ್ ರಾಜಕುಮಾರನ ಪರಿವಾರದಲ್ಲಿ ಒಬ್ಬನಾಗಿ. ಗಾಂಧೀಜಿಯವರ ಅಸಹಕಾರದ ದಿನಗಳು. ಹಲವೆಡೆ ಬಹಿಷ್ಕಾರ ಎದುರಾಯಿತು. 1922ರ ಜನವರಿಯಲ್ಲಿ ರಾಜಕುಮಾರನ ಪ್ರವಾಸ ಬೆಂಗಳೂರು, ಮೈಸೂರುಗಳಿಗೂ ಬಂದಿತ್ತು. ಮರುತಿಂಗಳು ದೆಹಲಿಯಲ್ಲಿ ಡಿಕಿ ಎಡ್ವಿನಾಳ ಎದುರು ಮದುವೆಯ ಪ್ರಸ್ತಾಪವಿಟ್ಟ. ಕಾಲು ಶತಮಾನದ ನಂತರ ಇಬ್ಬರೂ ಅದೇ ಊರಿಗೆ ವೈಸರಾಯ್ ದಂಪತಿಗಳಾಗಿ ಬಂದರು. ಮುಂದಿನದು ನಮ್ಮ ಇತಿಹಾಸ. ಇಲ್ಲಿ ಮತ್ತೆ ಹೇಳಬೇಕಾಗಿಲ್ಲ.

ಹೇಳಬೇಕಾದದ್ದು 1955ರ ಸಂಗತಿ. ಆ ವರ್ಷದ ಏಪ್ರಿಲ್‌ನಲ್ಲಿ ಮೌಂಟ್‌ಬ್ಯಾಟನ್ ಫಸ್ಟ್ ಸೀ ಲಾರ್ಡ್ ಆದರು. ತಂದೆ ಇಳಿದು ನಲವತ್ತು ವರ್ಷದ ಮೇಲೆ ಮಗ ಅದೇ ಕುರ್ಚಿಯಲ್ಲಿ ಕುಳಿತರು. ವೈಸರಾಯ್ ಆಗಿದ್ದವರಿಗೆ ಅದೊಂದು ಇಳಿತವಲ್ಲವೆ ಎಂದು ನಮಗನಿಸಬಹುದು. ಅವರ ಲೆಕ್ಕ ಬೇರೆ. ವಂಶಾವಳಿ ಬರೆಯುವುದು ಅವರಿಗೆ ಗೀಳೇ ಆಗಿತ್ತು. ಹೆಸ್ಸೆಯ ಪೂರ್ವಿಕರ ಬಗ್ಗೆ ಅವರಿಗಿದ್ದ ಹೆಮ್ಮೆ ಕೆಲವರಿಗೆ ನಗೆಪಾಟಲಾಗಿ ಕಂಡಿತ್ತು. 1914ರ ಕತೆ ತಿಳಿದ ಮೇಲೆ ನಗುವುದು ಕಷ್ಟ.

ಈ ಮಧ್ಯೆ ಹೆಸರು ಇನ್ನೊಂದು ದಾರಿಯಿಂದ ಅರಮನೆ ಹೊಕ್ಕಿತ್ತು. ಡಿಕಿಯ ಅಕ್ಕ ಆಲಿಸ್‌ಳ ಮಗ, ಗ್ರೀಸಿನ ರಾಜಕುಮಾರ ಫಿಲಿಪ್, 1947ರ ಆರಂಭದಲ್ಲಿ ಬ್ರಿಟಿಷ್ ಪ್ರಜೆಯಾದಾಗ ಅವನಿಗೊಂದು ಅಡ್ಡಹೆಸರು ಬೇಕಾಯಿತು. ತಂದೆಯ ಮನೆತನದ ಹೆಸರು ಶ್ಲೆಸ್ವಿಗ್-ಹೋಲ್‌ಸ್ಟೈನ್-ಸೋಂಡರ್‌ಬರ್ಗ್-ಗ್ಲೂಕ್ಸ್‌ಬರ್ಗ್! ಒಂದೇ ಉಸಿರಿನಲ್ಲಿ ಹೇಳುವುದು ಕಷ್ಟ. ಮೇಲಾಗಿ ಅದೂ ಜರ್ಮನ್. ಫಿಲಿಪ್ ತಾಯಿಯ ಕಡೆಯ ‘ಮೌಂಟ್‌ಬ್ಯಾಟನ್’ ಆರಿಸಿಕೊಂಡ. ಆ ವರ್ಷದ ನವೆಂಬರ್‌ನಲ್ಲಿ ಎಲಿಜಬೆತ್ ಜತೆ ಮದುವೆಯಾದಾಗ ಸೋದರಮಾವ ಭಾರತದ ಗವರ್ನರ್ ಜನರಲ್ ಆಗಿದ್ದವರು ದೆಹಲಿಯಿಂದ ಹೋಗಿ ಬಂದರು.

1952ರಲ್ಲಿ ಎಲಿಜಬೆತ್ ರಾಣಿಯಾದೊಡನೆ, ಈಗ ಆಳುತ್ತಿರುವುದು ಮೌಂಟ್‌ಬ್ಯಾಟನ್ ಮನೆತನ ಎಂದು ಡಿಕಿ ಹೇಳಿಕೊಂಡರೆಂಬ ಸುದ್ದಿ ಅಜ್ಜಿ ಮೇರಿ ರಾಣಿಯ ಕಿವಿಗೆ ಬಿತ್ತು. ಅವರಿಂದ ಪ್ರಧಾನಿ ಚರ್ಚಿಲ್‌ಗೆ, ಚರ್ಚಿಲ್‌ರಿಂದ ಮಂತ್ರಿಮಂಡಲಕ್ಕೆ. ಏಪ್ರಿಲ್‌ನಲ್ಲಿ ರಾಣಿಯ ಘೋಷಣೆ ಹೊರಟಿತು: ಮನೆತನದ ಹೆಸರು ವಿಂಡ್ಸರ್ ಆಗಿಯೇ ಇರುತ್ತದೆ. ತನ್ನ ಹೆಸರನ್ನು ಮಕ್ಕಳಿಗೆ ಕೊಡಲಾಗದವನಾದೆನಲ್ಲ ಎಂದು ಫಿಲಿಪ್ ಬಹಳ ನೊಂದರು. 1960ರಲ್ಲಿ ರಾಜಿಯಾಯಿತು. ರಾಜ ಪದವಿಯಿಲ್ಲದ ವಂಶಜರಿಗೆ ಅಡ್ಡಹೆಸರು ಬೇಕಾದಾಗ ಅದು ‘ಮೌಂಟ್‌ಬ್ಯಾಟನ್-ವಿಂಡ್ಸರ್’ ಎಂದು ತೀರ್ಮಾನಿಸಲಾಯಿತು.

ಮೂಲ ಹೆಸರು ಪೂರ್ತಿ ಅಳಿಯಲಿಲ್ಲ. ಹೆನ್ರಿಯ ಮಗಳು ವಿಕ್ಟೋರಿಯಾ ಯೂಜೀನಿ 1906ರಲ್ಲಿ, ಹೆಸರು ಬದಲಾಗುವ ಮೊದಲೇ, ಸ್ಪೇನಿನ ದೊರೆಯನ್ನು ಮದುವೆಯಾಗಿದ್ದಳು. ಸ್ಪೇನಿನಲ್ಲಿ ಮಕ್ಕಳು ತಂದೆ ತಾಯಿ ಇಬ್ಬರ ಹೆಸರನ್ನೂ ಹೊರುತ್ತಾರೆ. ಹಾಗಾಗಿ ದೊರೆ ಹ್ವಾನ್ ಕಾರ್ಲೋಸ್‌ರ ತಂದೆಯ ಹೆಸರು ಹ್ವಾನ್ ದೆ ಬೊರ್ಬೋನ್ ಇ ಬ್ಯಾಟನ್‌ಬರ್ಗ್. ಯುದ್ಧದ ಬಿಸಿ ತಟ್ಟದ ಊರಿನಲ್ಲಿ ಬೆಟ್ಟ ಬೆಟ್ಟವಾಗಿಯೇ ಉಳಿಯಿತು. ಇಂಗ್ಲೆಂಡಿನಲ್ಲಿ ಬ್ಯಾಟನ್‌ಬರ್ಗ್ ಉಳಿದಿರುವುದು ಚಹಾದ ಜತೆ ತಿನ್ನುವ, ಗುಲಾಬಿ ಹಳದಿ ಚೌಕಗಳ ಒಂದು ಕೇಕಿನ ಹೆಸರಾಗಿ.

ಡಿಕಿಗೆ ಗಂಡು ಮಕ್ಕಳಿರಲಿಲ್ಲ. 1979ರ ಆಗಸ್ಟ್ 27ರಂದು ಐರ್ಲೆಂಡಿನ ಕರಾವಳಿಯಲ್ಲಿ ಐಆರ್‌ಎ ಇಟ್ಟ ಬಾಂಬಿಗೆ ಅವರು ಬಲಿಯಾದಾಗ ಪದವಿ ಹಿರಿಯ ಮಗಳಿಗೆ ಹೋಯಿತು. ಮೊಮ್ಮಕ್ಕಳ ಅಡ್ಡಹೆಸರು ಬೇರೆ. ಅವರ ಅಣ್ಣನ ಶಾಖೆಯಲ್ಲಿ ಮಾತ್ರ ಮೌಂಟ್‌ಬ್ಯಾಟನ್ ಇಂದಿಗೂ ನಡೆದಿದೆ.

ಇತ್ತೀಚೆಗೆ ಈ ಹೆಸರು ಮತ್ತೆ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು 2025ರ ಅಕ್ಟೋಬರ್‌ನಲ್ಲಿ. ದೊರೆ ಮೂರನೆಯ ಚಾರ್ಲ್ಸ್ ತಮ್ಮ ಆಂಡ್ರೂನ ರಾಜಕುಮಾರ ಪದವಿಯನ್ನೇ ತೆಗೆದುಹಾಕುವುದಾಗಿ ಅರಮನೆ ಪ್ರಕಟಿಸಿತು. ಪದವಿ ಹೋದ ಮೇಲೆ ಕರೆಯಲು ಒಂದು ಹೆಸರು ಬೇಕಲ್ಲ. ಅರಮನೆಯ ಹೇಳಿಕೆಯಲ್ಲಿ ಅದೂ ಇತ್ತು: ಇನ್ನು ಮೇಲೆ ಅವರು ಆಂಡ್ರೂ ಮೌಂಟ್‌ಬ್ಯಾಟನ್ ವಿಂಡ್ಸರ್.