ನಸುಕಿನ ಮೂರು ಗಂಟೆಯ ಕಲ್ಯಾಣ್ ಲೋಕಲ್

ಜನವರಿ ತಿಂಗಳ ಮೂರನೆಯ ಭಾನುವಾರ ನಸುಕಿನ 3 ಗಂಟೆಗೆ ಕಲ್ಯಾಣ್ ನಿಲ್ದಾಣದಿಂದ ಹೊರಟು 4.30ಕ್ಕೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಮುಟ್ಟುವ ವಿಶೇಷ ಲೋಕಲ್ ರೈಲೊಂದನ್ನು ಮಧ್ಯ ರೈಲ್ವೆ ಈಚಿನ ವರ್ಷಗಳಲ್ಲಿ ಓಡಿಸುತ್ತ ಬಂದಿದೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಹಾರ್ಬರ್ ಮಾರ್ಗದಲ್ಲಿ ಪನ್ವೇಲ್‌ನಿಂದಲೂ ಇನ್ನೊಂದು ಹೊರಡುತ್ತದೆ. ಕಚೇರಿಗೆ ಹೋಗುವವರಿಗಾಗಲಿ, ರಾತ್ರಿ ಪಾಳಿ ಮುಗಿಸಿದವರಿಗಾಗಲಿ ಮೀಸಲಾದ ರೈಲುಗಳಲ್ಲ ಇವು. ಮುಂಬಯಿ ಮ್ಯಾರಥಾನಿನಲ್ಲಿ ಓಡುವವರಿಗಾಗಿಯೇ ಬಿಟ್ಟವು. ಡೊಂಬಿವಲಿಯಲ್ಲಿ, ಥಾಣೆಯಲ್ಲಿ, ವಾಶಿ ನೆರೂಲ್‌ಗಳಲ್ಲಿ ಎದೆಯ ಮೇಲೆ ಸಂಖ್ಯೆಯ ಚೀಟಿಯನ್ನು ಪಿನ್ನು ಚುಚ್ಚಿಕೊಂಡು ಈ ರೈಲುಗಳನ್ನು ಹತ್ತುವವರಲ್ಲಿ ಹೆಚ್ಚಿನವರು ಪದಕಕ್ಕಾಗಿ ಬೆವರಿಳಿಸುವ ವೃತ್ತಿಪರರಲ್ಲ, ವಾರದ ಆರು ದಿನ ಇದೇ ಹಳಿಗಳ ಮೇಲೆ ನೌಕರಿಗೆ ಹೋಗಿ ಬರುವ ಗೃಹಸ್ಥರು. ಇವರಂಥ ಒಂದು ಸಮುದಾಯ ಇದೆಯೆಂಬುದನ್ನು ಕ್ರೀಡಾ ಇಲಾಖೆಗಿಂತ ಚೆನ್ನಾಗಿ ರೈಲ್ವೆಯ ವೇಳಾಪಟ್ಟಿ ಒಪ್ಪಿಕೊಂಡಿತೆಂಬುದು ಈ ಪ್ರದೇಶದ ಓಟದ ಇತಿಹಾಸದಲ್ಲಿ ಗಮನಿಸತಕ್ಕ ಸಂಗತಿ.

ಹಳಿಗೂ ಈ ಊರುಗಳಿಗೂ ಇರುವ ನಂಟು ಹಳೆಯದು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕ ರೈಲು 34 ಕಿ.ಮೀ. ದೂರದ ಥಾಣೆಯಲ್ಲಿ ನಿಂತಿತು. ಮರುವರ್ಷ ಹಳಿ ಕಲ್ಯಾಣ್‌ವರೆಗೆ, ಅಂದರೆ ಸುಮಾರು 54 ಕಿ.ಮೀ.ವರೆಗೆ ಬೆಳೆಯಿತು. ಮುಂಬಯಿಯೊಳಗೆ ಬಾಡಿಗೆ ಭರಿಸಲಾಗದ ಮಧ್ಯಮವರ್ಗ ಇದೇ ಹಳಿಯ ಗುಂಟ ಹೊರಚಾಚಿತು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಮತ್ತು ಉತ್ತರ ಕರ್ನಾಟಕದಿಂದ ಬಂದ ಕನ್ನಡಿಗರು ಡೊಂಬಿವಲಿ, ಥಾಣೆಗಳಲ್ಲಿ ನೆಲೆನಿಂತು ಸಂಘ ಕಟ್ಟಿ, ಶಾಲೆ ನಡೆಸಿದ್ದು ಈ ಹರಿವಿನಲ್ಲಿಯೇ. 1970ರಲ್ಲಿ ಸಿಡ್ಕೊ ಸಂಸ್ಥೆ ಹುಟ್ಟಿ ಖಾಡಿಯಾಚೆ ನವಿ ಮುಂಬಯಿಯನ್ನು ಕಟ್ಟತೊಡಗಿದ ಮೇಲೆ ಈ ಹೊರಚಾಚು ಇನ್ನೊಂದು ದಿಕ್ಕಿಗೂ ತಿರುಗಿತು. ದಿನಕ್ಕೆ ಮೂರು ನಾಲ್ಕು ಗಂಟೆ ಪ್ರಯಾಣ, ಉಳಿದ ಹೊತ್ತು ಕುರ್ಚಿ, ಮನೆ ತಲುಪಿದ ಮೇಲೆ ತಡರಾತ್ರಿಯ ಊಟ: ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡಗಳಿಗೆ ಇದಕ್ಕಿಂತ ಅನುಕೂಲವಾದ ದಿನಚರಿ ಇರಲಾರದು, ಮುಂದೆ ಬಂದ ಓಟದ ಗುಂಪುಗಳಿಗೆ ಹೆಚ್ಚು ಸದಸ್ಯರನ್ನು ಒದಗಿಸಿದ್ದೂ ಕ್ರೀಡಾಸಕ್ತಿಗಿಂತ ಈ ದಿನಚರಿಯೇ.

ಓಟದ ಹಬ್ಬವೊಂದು ಈ ಭಾಗದಲ್ಲಿ ಈಗಿನ ಮುಂಬಯಿ ಮ್ಯಾರಥಾನಿಗಿಂತ ಮೊದಲೇ ಇತ್ತೆಂಬುದನ್ನು ಈಗ ಎಷ್ಟೋ ಮಂದಿ ಮರೆತಿದ್ದಾರೆ. ಥಾಣೆ ಮಹಾನಗರಪಾಲಿಕೆ ನಡೆಸುವ ‘ಥಾಣೆ ಮಹಾಪೌರ ವರ್ಷಾ ಮ್ಯಾರಥಾನ್’, ಅಂದರೆ ಮೇಯರರ ಹೆಸರಿನ ಮಳೆಗಾಲದ ಓಟ, 2019ರಲ್ಲಿ ತನ್ನ 30ನೆಯ ಆವೃತ್ತಿಯನ್ನು ಕಂಡಿತು. 2004ರಲ್ಲಷ್ಟೇ ಆರಂಭವಾದ ಮುಂಬಯಿ ಮ್ಯಾರಥಾನಿಗಿಂತ ಅದು ದಶಕಕ್ಕೂ ಮಿಕ್ಕಿ ಹಿರಿಯದು. ಅದರ ಅತಿ ಉದ್ದದ ಓಟ 21 ಕಿ.ಮೀ. ಮಾತ್ರ, 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಬಳಕೆಗೆ ಬಂದು 1921ರಲ್ಲಿ ಶಾಶ್ವತವಾಗಿ ನಿಗದಿಯಾದ 42.195 ಕಿ.ಮೀ. ಅಳತೆಯನ್ನೇ ಹಿಡಿದು ನೋಡುವ ಶಾಸ್ತ್ರನಿಷ್ಠರಿಗೆ ಅದು ಮ್ಯಾರಥಾನೇ ಅಲ್ಲ. ಆದರೆ ಆಗಸ್ಟಿನ ಜಡಿಮಳೆಯಲ್ಲಿ ಶಾಲೆಯ ಮಕ್ಕಳೂ ನಿವೃತ್ತರೂ ಒಂದೇ ರಸ್ತೆಯಲ್ಲಿ ನೆನೆಯುತ್ತ ಓಡುವ ಅವಕಾಶವನ್ನು ಒಂದು ಪಾಲಿಕೆ ವರ್ಷ ವರ್ಷವೂ ಒದಗಿಸಿತ್ತೆಂಬುದು ಅಳತೆಯ ತಕರಾರಿಗಿಂತ ದೊಡ್ಡ ಮಾತು. ಕೋವಿಡ್ ಬಂದು ನಿಂತ ಆ ಓಟ ಕೋವಿಡ್ ಹೋದ ಮೇಲೂ ಬೇಗನೆ ಮರಳಲಿಲ್ಲ. 31ನೆಯ ಆವೃತ್ತಿ ನಡೆಯಲು 2025ರ ಆಗಸ್ಟ್ ಬರಬೇಕಾಯಿತು. 2022ರ ಮಾರ್ಚಿನಲ್ಲಿ ಚುನಾಯಿತ ಸಭೆಯ ಅವಧಿ ಮುಗಿದಿದ್ದ ಥಾಣೆಯಲ್ಲಿ ಆ ಹೊತ್ತಿಗೆ ಮೇಯರರೇ ಇರಲಿಲ್ಲವಾದ್ದರಿಂದ, ಮೇಯರರ ಹೆಸರಿನಲ್ಲಿ ಬೆಳೆದ ಓಟ ಮೇಯರಿಲ್ಲದ ಊರಿನಲ್ಲಿ ಪುನರಾರಂಭವಾದಂತಾಯಿತು. ನಡುವಿನ ಐದು ಮಳೆಗಾಲಗಳನ್ನು ಊರು ಸುಮ್ಮನೆ ಕಳೆದುಕೊಂಡಿತು, ಅದಕ್ಕೆ ಯಾರೂ ಉತ್ತರದಾಯಿಗಳಾಗಲಿಲ್ಲ.

2004ರ ಫೆಬ್ರವರಿ 15ರಂದು ನಡೆದ ಮೊದಲ ಮುಂಬಯಿ ಮ್ಯಾರಥಾನ್ ದೂರ ಓಟವನ್ನು ಹವ್ಯಾಸಿಗಳ ಕೈಗೆ ತಂದುಕೊಟ್ಟಿತು. ಪರದೇಶದ ವೃತ್ತಿಪರರು ಓಡುವ ರಸ್ತೆಯಲ್ಲಿಯೇ ಸಾಮಾನ್ಯರೂ ಓಡಬಹುದೆಂಬುದು ಆಗ ಹೊಸದು. ಅದರ ಬೆನ್ನಿಗೆ ತರಬೇತಿ ಕೊಡುವ ಸಂಸ್ಥೆಗಳು ಬಂದವು. ‘ಮುಂಬಯಿ ರೋಡ್ ರನ್ನರ್ಸ್’ ಬಳಗ ಪ್ರತಿ ತಿಂಗಳ ಮೊದಲ ಭಾನುವಾರ ಬಾಂದ್ರಾದಿಂದ ನರಿಮನ್ ಪಾಯಿಂಟಿನ ಎನ್‌ಸಿಪಿಎವರೆಗೆ ಬಹುಮಾನವಿಲ್ಲದ ಅಭ್ಯಾಸ ಓಟವನ್ನು ರೂಢಿಗೆ ತಂದಿತು. ಉಪನಗರದವರು ಅಲ್ಲಿಗೆ ಹೋಗುವುದು ಮೊದಲ ಲೋಕಲ್‌ಗಳಲ್ಲಿ, ಮರಳುವುದು ‘ಮೆಗಾ ಬ್ಲಾಕ್’ ಎಂಬ ಭಾನುವಾರದ ಹಳಿ ದುರಸ್ತಿಯ ನಡುವೆ. ಓಡುವುದಕ್ಕೆ ಎರಡು ಗಂಟೆ ಹಿಡಿದರೆ ಮನೆಗೆ ಮುಟ್ಟುವುದಕ್ಕೂ ಅಷ್ಟೇ ಹಿಡಿಯುತ್ತದೆ.

ಆ ಪ್ರಯಾಣವನ್ನು ಕೇವಲ ತೊಂದರೆಯೆಂದು ತಿಳಿಯುವುದು ಸರಿಯಲ್ಲ. ಈ ಪ್ರದೇಶದ ಓಟದ ಗುಂಪುಗಳ ನಡವಳಿಕೆಯನ್ನು ನೋಡಿದರೆ ಅವುಗಳ ಪೂರ್ವಜ ಕ್ರೀಡಾಕ್ಲಬ್ಬಲ್ಲ, ‘ಟ್ರೇನ್ ಗ್ರೂಪ್’ ಎಂದು ಊಹಿಸಲು ಸಾಕಷ್ಟು ಆಧಾರವಿದೆ. ಟ್ರೇನ್ ಗ್ರೂಪ್ ಎಂದರೆ ದಿನವೂ ಒಂದೇ ಲೋಕಲ್‌ನ ಒಂದೇ ಡಬ್ಬಿಯ ಒಂದೇ ಬಾಗಿಲಿನ ಬಳಿ ಸೇರುವವರ ಕೂಟ. ಮೂವರ ಬೆಂಚಿನಲ್ಲಿ ಒಂದಿಷ್ಟು ಸರಿದು ‘ಚೌಥಿ ಸೀಟ್’ ಎಂಬ ಅರ್ಧ ಆಸನವನ್ನು ನಾಲ್ಕನೆಯವನಿಗೆ ಬಿಟ್ಟುಕೊಡುವುದು ಅದರ ಮೊದಲ ಶಿಷ್ಟಾಚಾರ. ಅಂಥ ಕೂಟಗಳಲ್ಲಿ ಭಜನೆಯುಂಟು, ಇಸ್ಪೀಟುಂಟು, ದಸರೆಗೆ ಡಬ್ಬಿಗೆ ಹೂಮಾಲೆ ಕಟ್ಟಿ ಮಾಡುವ ಪೂಜೆಯುಂಟು. ಎರಡು ದಿನ ಒಬ್ಬಾತ ಕಾಣಿಸದಿದ್ದರೆ ಮೂರನೆಯ ದಿನ ಅವನ ಮನೆಗೆ ಫೋನು ಹೋಗುತ್ತದೆ. ಜಾತಿ, ಭಾಷೆ, ಹುದ್ದೆಗಳನ್ನು ಬದಿಗಿಟ್ಟು ಹೊತ್ತಿಗೆ ಸರಿಯಾಗಿ ಬರುವುದೊಂದನ್ನೇ ಸದಸ್ಯತ್ವವೆಂದು ಗಣಿಸುವ ಈ ಪದ್ಧತಿಯೇ ಬೆಳಗಿನ 5 ಗಂಟೆಗೆ ಥಾಣೆಯ ಉಪವನ ಕೆರೆಯ ದಂಡೆಗೆ, ಯೇವೂರ್ ಗುಡ್ಡದ ಬುಡಕ್ಕೆ, ವಾಶಿಯಿಂದ ಬೇಲಾಪುರದತ್ತ ಸಾಗುವ ಪಾಮ್ ಬೀಚ್ ರಸ್ತೆಗೆ, ಖಾರ್‌ಘರ್‌ನ ಬೆಟ್ಟದ ದಾರಿಗೆ ಸಾಗಿಬಂದಂತೆ ತೋರುತ್ತದೆ.

ಓಟಕ್ಕೂ ಕಾಯಿಲೆಗೂ ಇರುವ ಸಂಬಂಧದ ಮೂಲವನ್ನು ಹುಡುಕುವವರು ಮಾತ್ರ ಮುಂಬಯಿಯನ್ನು ಬಿಟ್ಟು ನ್ಯೂಜಿಲೆಂಡಿನ ಆಕ್ಲೆಂಡ್ ನಗರಕ್ಕೆ ಹೋಗಬೇಕು. 1960ರ ರೋಮ್ ಒಲಿಂಪಿಕ್ಸಿನಲ್ಲಿ ಒಂದೇ ದಿನ ಪೀಟರ್ ಸ್ನೆಲ್ 800 ಮೀಟರಿನಲ್ಲೂ ಮರ‍್ರೇ ಹಾಲ್‌ಬರ್ಗ್ 5,000 ಮೀಟರಿನಲ್ಲೂ ಚಿನ್ನ ಗೆದ್ದರು. ಇಬ್ಬರಿಗೂ ಗುರುವಾಗಿದ್ದವರು ಆರ್ಥರ್ ಲಿಡಿಯಾರ್ಡ್. ಹೃದಯಾಘಾತವಾದವರು ಮಂಚ ಬಿಟ್ಟು ಏಳಬಾರದೆಂಬ ವೈದ್ಯಮತ ಇನ್ನೂ ಬಲವಾಗಿದ್ದ ಆ ಕಾಲದಲ್ಲಿ ಲಿಡಿಯಾರ್ಡರು, ಮೈ ಕೆಟ್ಟ ನಡುವಯಸ್ಸಿನ ವ್ಯಾಪಾರಿಗಳನ್ನೂ ಹೃದ್ರೋಗಿಗಳನ್ನೂ ಕಲೆಹಾಕಿ ಮೆಲ್ಲನೆ ಓಡಿಸತೊಡಗಿದರು. 1962ರಲ್ಲಿ ಹುಟ್ಟಿದ ಆಕ್ಲೆಂಡ್ ಜಾಗರ್ಸ್ ಕ್ಲಬ್ಬಿನ ನಿಯಮ ಸರಳವಾಗಿತ್ತು: ಪಕ್ಕದವನೊಡನೆ ಮಾತಾಡಲು ಆಗುವಷ್ಟೇ ವೇಗ, ಮಾತು ತುಂಡಾದರೆ ವೇಗ ಹೆಚ್ಚಾಯಿತೆಂದು ಅರ್ಥ. ಆ ವರ್ಷದ ಕೊನೆಗೆ ಅಲ್ಲಿಗೆ ಹೋದ ಅಮೆರಿಕದ ತರಬೇತುದಾರ ಬಿಲ್ ಬೌವರ್‌ಮನ್, ಒರೆಗಾನ್ ವಿಶ್ವವಿದ್ಯಾಲಯದಲ್ಲಿ ಚಾಂಪಿಯನ್ನರನ್ನು ತಯಾರಿಸುತ್ತಿದ್ದವರು, ಸ್ವತಃ ಐವತ್ತು ದಾಟಿದವರು, ಗುಂಪಿನೊಡನೆ ಓಡಲು ಹೋಗಿ ಹಿಂದೆ ಬಿದ್ದರು. ಆಗ ಅವರಿಗೆ ಜೊತೆಯಾಗಿ ವೇಗ ತಗ್ಗಿಸಿ ದಾರಿಯುದ್ದಕ್ಕೂ ಮಾತಾಡುತ್ತ ಬಂದವರು ಎಪ್ಪತ್ತು ದಾಟಿದ, ಅದಾಗಲೇ ಹಲವು ಸಲ ಹೃದಯಾಘಾತ ಕಂಡಿದ್ದ ಒಬ್ಬ ಹಿರಿಯರು. ತಾಯ್ನಾಡಿಗೆ ಮರಳಿದ ಬೌವರ್‌ಮನ್ ಹೃದ್ರೋಗತಜ್ಞ ವಾಲ್ಡೊ ಹ್ಯಾರಿಸ್ ಅವರೊಡನೆ ಸೇರಿ 1967ರಲ್ಲಿ ಪ್ರಕಟಿಸಿದ ‘ಜಾಗಿಂಗ್’ ಎಂಬ ಪುಸ್ತಕ ಅಮೆರಿಕದಲ್ಲಿ ಸಾಮಾನ್ಯರ ಓಟಕ್ಕೆ ನಾಂದಿಯಾಯಿತು. ಕೆನಡಾದ ಟೊರಾಂಟೊದಲ್ಲಿ ವೈದ್ಯ ಟೆರೆನ್ಸ್ ಕವನಾ ಇನ್ನೂ ಮುಂದೆ ಹೋಗಿ, ಹೃದಯಾಘಾತದಿಂದ ಚೇತರಿಸಿಕೊಂಡವರ ತಂಡವೊಂದನ್ನು 1973ರ ಬಾಸ್ಟನ್ ಮ್ಯಾರಥಾನಿನಲ್ಲಿಯೇ ಓಡಿಸಿದರು. ಹವ್ಯಾಸಿ ಓಟವನ್ನು ಇಂದು ಬೂಟು, ಗಡಿಯಾರ, ಪದಕಗಳ ಮಾರುಕಟ್ಟೆಯಾಗಿ ಕಾಣುವವರು ಅದರ ಬೇರು ರೋಗಿಗಳ ಕೂಟದಲ್ಲಿದೆಯೆಂಬುದನ್ನು ನೆನಪಿಡುವುದು ಒಳ್ಳೆಯದು.

ಮಾತಿನ ಈ ವೇಗಮಾಪಕ ಡೊಂಬಿವಲಿ, ಕಲ್ಯಾಣ್‌ಗಳಲ್ಲೂ ನಡೆಯುತ್ತದೆ. ವಾರಾಂತ್ಯದ ‘ಲಾಂಗ್ ರನ್’, ಅಂದರೆ ಎರಡು ಮೂರು ಗಂಟೆಗಳ ನಿಧಾನದ ಓಟದಲ್ಲಿ ಮರಾಠಿ, ಹಿಂದಿ, ತುಳು, ಕನ್ನಡ ಎಲ್ಲವೂ ಬೆರೆತು ಸಾಗುತ್ತವೆ, ಏರು ಬಂದಾಗ ಎಲ್ಲ ಭಾಷೆಗಳೂ ಒಟ್ಟಿಗೆ ನಿಲ್ಲುತ್ತವೆ. ಸ್ಪರ್ಧೆಯ ದಿನ ನಿಗದಿತ ಸಮಯ ಬರೆದ ಬಾವುಟ ಹಿಡಿದು ಏಕರೀತಿಯ ವೇಗದಲ್ಲಿ ಓಡುವ ‘ಪೇಸರ್’, ಅವನ ಹಿಂದೆ ಗುಂಪಾಗಿ ಸಾಗುವ ‘ಬಸ್’ ಎಂಬ ವ್ಯವಸ್ಥೆಯೂ ಹೀಗೆ ಮತ್ತೊಬ್ಬರ ಕಾಲಿನ ಆಸರೆಯೇ. ಬಸ್ ಎಂಬ ಹೆಸರು ದಕ್ಷಿಣ ಆಫ್ರಿಕದಲ್ಲಿ, ಮೊದಲ ಮಹಾಯುದ್ಧದಲ್ಲಿ ಮಡಿದ ಸೈನಿಕರ ನೆನಪಿಗಾಗಿ 1921ರಲ್ಲಿ ಶುರುವಾದ, ಸುಮಾರು 90 ಕಿ.ಮೀ. ಉದ್ದದ ಕಾಮ್ರೇಡ್ಸ್ ಓಟದಲ್ಲಿ ರೂಢವಾದದ್ದು. ಮುಂಬಯಿ ಮ್ಯಾರಥಾನಿನಲ್ಲಿ 35 ಕಿ.ಮೀ. ದಾಟುವ ಹೊತ್ತಿಗೆ, ಮೈಯೊಳಗೆ ಸಂಗ್ರಹವಾಗಿದ್ದ ಪಿಷ್ಟದ ಶಕ್ತಿ ಬರಿದಾಗುವ ಹಂತದಲ್ಲಿ ಎದುರಾಗುವ ಪೆಡ್ಡರ್ ರಸ್ತೆಯ ಏರಿನಲ್ಲಿ ಈ ಬಸ್ಸಿನ ಬೆಲೆ ತಿಳಿಯುತ್ತದೆ.

ಕಾಯಿಲೆಯ ವಿಷಯದಲ್ಲಿ ಗುಂಪು ಮಾಡುವ ಉಪಕಾರಗಳಲ್ಲಿ ಓಡಿಸುವುದಕ್ಕಿಂತ ಓಡಗೊಡದಿರುವುದೇ ದೊಡ್ಡದು. ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಶುಲ್ಕ ಕಟ್ಟಿದವನು ಜ್ವರವಿದ್ದರೂ ಓಡಲು ಹೊರಡುತ್ತಾನೆ. ಹೆಂಡತಿಯ ಮಾತು ಕೇಳದವನು ಜೊತೆಗೆ ಓಡುವವರ ಮಾತು ಕೇಳುತ್ತಾನೆ. ನೆಗಡಿಯಂಥ ಕತ್ತಿನಿಂದ ಮೇಲಿನ ತೊಂದರೆಯಿದ್ದರೆ ಹಗುರವಾಗಿ ಓಡಬಹುದು, ಎದೆಯ ಕೆಮ್ಮು, ಮೈಕೈ ನೋವು, ಜ್ವರವಿದ್ದರೆ ಕೂಡದು ಎಂಬುದು ಕ್ರೀಡಾವೈದ್ಯರ ಸ್ಥೂಲ ಸೂತ್ರ. ವೈರಾಣು ಸೋಂಕಿನ ಹೊತ್ತಿನಲ್ಲಿ ದಣಿದರೆ ಹೃದಯದ ಸ್ನಾಯುವಿಗೆ ಉರಿಯೂತ ತಗಲುವ ಅಪಾಯವಿರುವುದೇ ಅದಕ್ಕೆ ಕಾರಣ. ಕೋವಿಡ್‌ನಿಂದಾಗಿ 2021 ಮತ್ತು 2022ರಲ್ಲಿ ಮುಂಬಯಿ ಮ್ಯಾರಥಾನ್ ನಡೆಯಲಿಲ್ಲ. ಸೋಂಕಿನಿಂದ ಎದ್ದವರು ಮೊದಲು ನಡಿಗೆ, ಆಮೇಲೆ ನಡಿಗೆ–ಓಟ, ಕೊನೆಗೆ ಓಟ ಎಂಬ ಮೆಟ್ಟಿಲುಗಳನ್ನು ಒಬ್ಬೊಬ್ಬರೇ ಹತ್ತುವಾಗ ಜೊತೆಗಿದ್ದವರು ತಮ್ಮ ವೇಗವನ್ನು ಬಿಟ್ಟುಕೊಡಬೇಕಾಗಿತ್ತು.

ಮಳೆಗಾಲದಲ್ಲಿ ಈ ಭಾಗಕ್ಕೆ ವಿಶೇಷವಾದ ಇನ್ನೊಂದು ಭಯವಿದೆ. ಇಲಿ, ನಾಯಿಗಳ ಮೂತ್ರ ಬೆರೆತ ನೀರಿನಿಂದ ಹರಡುವ ಲೆಪ್ಟೊಸ್ಪೈರೊಸಿಸ್, ಅಂದರೆ ಇಲಿಜ್ವರದ ರೋಗಾಣು, ಒಡೆದ ಚರ್ಮದ ಮೂಲಕ ಒಳಸೇರುತ್ತದೆ. ಹೊಸ ಬೂಟು ಕಚ್ಚಿ ಹಿಮ್ಮಡಿಯಲ್ಲಿ ಗುಳ್ಳೆ ಎದ್ದವನು ರಸ್ತೆಯ ಮೊಣಕಾಲುದ್ದ ನೀರಿನಲ್ಲಿ ಓಡಿದರೆ ಅದಕ್ಕೆ ಬಾಗಿಲು ತೆರೆದಿಟ್ಟಂತೆ. ನಿಂತ ನೀರಿನಲ್ಲಿ ನಡೆದವರು 72 ಗಂಟೆಯೊಳಗೆ ವೈದ್ಯರನ್ನು ಕಂಡು ಡಾಕ್ಸಿಸೈಕ್ಲಿನ್ ಮಾತ್ರೆ ತೆಗೆದುಕೊಳ್ಳಬೇಕೆಂದು ಮುಂಬಯಿ ಪಾಲಿಕೆ ಪ್ರತಿ ಮಳೆಗಾಲದಲ್ಲೂ ಸಾರುತ್ತದೆ, ಆದರೆ ಅದನ್ನು ಸದಸ್ಯರ ಕಿವಿಗೆ ಮುಟ್ಟಿಸುವವರು ಗುಂಪಿನಲ್ಲಿ ಓಡುವ ಡಾಕ್ಟರುಗಳು. ಸಕ್ಕರೆ ಕಾಯಿಲೆಯವನ ಸೊಂಟದ ಚೀಲದಲ್ಲಿ ಗ್ಲೂಕೋಸ್ ಇದೆಯೇ ಎಂದು ನೋಡುವುದು, ಬಾಯಾರಿಕೆಗಿಂತ ಹೆಚ್ಚು ನೀರು ಕುಡಿಯುವವನನ್ನು ತಡೆಯುವುದು ಕೂಡ ಅವರದೇ ಕೆಲಸ. ಅತಿಯಾಗಿ ನೀರು ಕುಡಿದರೆ ರಕ್ತದ ಸೋಡಿಯಂ ತಗ್ಗುತ್ತದೆ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ಪರೀಕ್ಷೆಗೆ ರಕ್ತ ಕೊಟ್ಟ 488 ಓಟಗಾರರಲ್ಲಿ ಶೇ. 13ರಷ್ಟು ಮಂದಿಗೆ ಹಾಗಾಗಿದ್ದುದು 2005ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂತು.

ಕ್ಯಾನ್ಸರ್ ಈ ಓಟಕ್ಕೆ ಬೇರೆಯೇ ಅರ್ಥ ಕೊಟ್ಟಿದೆ. ಪರೇಲ್‌ನ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ತೆರೆಯಿತು. ಅದರದೇ ಸಂಶೋಧನ ಮತ್ತು ಚಿಕಿತ್ಸಾ ಕೇಂದ್ರವಾದ ಆ್ಯಕ್ಟ್ರೆಕ್ ಇರುವುದು ಖಾರ್‌ಘರ್‌ನಲ್ಲಿ, ನವಿ ಮುಂಬಯಿಯ ಓಟಗಾರರು ಬೆಳಗ್ಗೆ ಏರುವ ಬೆಟ್ಟಗಳ ಮಗ್ಗುಲಲ್ಲಿ. ಒಂದು ಕಾಲನ್ನು ಕ್ಯಾನ್ಸರಿಗೆ ತೆತ್ತ ಕೆನಡಾದ ತರುಣ ಟೆರ‍್ರಿ ಫಾಕ್ಸ್ 1980ರಲ್ಲಿ ಕೃತಕ ಕಾಲಿನಲ್ಲಿ 143 ದಿನ ಓಡಿ 5,373 ಕಿ.ಮೀ. ಕ್ರಮಿಸಿ, ರೋಗ ಮರುಕಳಿಸಿ ಮರುವರ್ಷ ತೀರಿಕೊಂಡ. ಅವನ ಹೆಸರಿನ ಓಟ ಮುಂಬಯಿಗೂ ಬಂದು ಟಾಟಾ ಆಸ್ಪತ್ರೆಗೆ ನೆರವಾಯಿತು. ಸ್ತನ ಕ್ಯಾನ್ಸರಿನ ಅರಿವಿಗಾಗಿ ಮಿಲಿಂದ್ ಸೋಮಣ್ ಮತ್ತು ರೀಮಾ ಸಾಂಘ್ವಿ 2012ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಪಿಂಕಥಾನ್, ಸೀರೆಯುಟ್ಟೂ ಓಡಬಹುದೆಂದು ತೋರಿಸಿ ಹೆಂಗಸರನ್ನು ರಸ್ತೆಗೆ ತಂದಿತು. ಬೆಳಗಿನ ಕತ್ತಲಲ್ಲಿ ಒಬ್ಬಂಟಿಯಾಗಿ ಓಡಲು ಹಿಂಜರಿಯುವ ಹೆಣ್ಣುಮಕ್ಕಳಿಗೆ ಗುಂಪು ಸೌಕರ್ಯ ಮಾತ್ರವಲ್ಲ, ಓಟದ ಮೊದಲ ಷರತ್ತು.

ಇಷ್ಟೆಲ್ಲ ಇದ್ದೂ ಓಡಲು ಜಾಗವಿಲ್ಲವೆಂಬುದು ಈ ಊರುಗಳ ನಾಚಿಕೆ. ಡೊಂಬಿವಲಿಯಂಥ ಕಿಕ್ಕಿರಿದ ಊರಿನವರ ಪಾಲಿಗಿರುವ ದೊಡ್ಡ ಬಯಲೆಂದರೆ ಸಾವಳಾರಾಂ ಕ್ರೀಡಾ ಸಂಕುಲ. ಉಳಿದಂತೆ ಕಾಮಗಾರಿ ಮುಗಿಯದ ರಸ್ತೆಗಳ ಅಂಚೇ ಗತಿ. ಪಾಮ್ ಬೀಚ್ ರಸ್ತೆಯಲ್ಲಿ ವೇಗದ ಕಾರುಗಳ ಭಯ, ಯೇವೂರ್‌ನಲ್ಲಿ ಕಾಡಿನ ನಿರ್ಬಂಧ. ಕೆರೆದಂಡೆಗೆ ದೀಪದ ಅಲಂಕಾರ ಮಾಡುವ ಪಾಲಿಕೆಗಳು ಬೆಳಗಿನ ಎರಡು ಗಂಟೆ ಒಂದು ರಸ್ತೆಯನ್ನು ವಾಹನಗಳಿಗೆ ಮುಚ್ಚಿ ಕೊಡಲು ಮನಸ್ಸು ಮಾಡಿದರೆ ಅದಕ್ಕೆ ತಗಲುವ ಖರ್ಚು ನಾಲ್ಕು ಬ್ಯಾರಿಕೇಡುಗಳದು.

ಕನ್ನಡ ಸಂಘಗಳಿಗೂ ಇಲ್ಲೊಂದು ಕೆಲಸವಿದೆ. ಥಾಣೆ, ಡೊಂಬಿವಲಿ, ನವಿ ಮುಂಬಯಿಗಳ ಸಂಘಗಳು ಮತ್ತು ಸಮುದಾಯ ಸಂಸ್ಥೆಗಳು ನಡೆಸುವ ಕ್ರೀಡಾಕೂಟಗಳಲ್ಲಿ ಹಗ್ಗಜಗ್ಗಾಟಕ್ಕೂ ಮಕ್ಕಳ 100 ಮೀಟರ್ ಓಟಕ್ಕೂ ಇರುವ ಜಾಗ, ಐವತ್ತು ದಾಟಿದವರ 5 ಕಿ.ಮೀ. ನಡಿಗೆ–ಓಟಕ್ಕೂ ಸಿಗಬೇಕು, ಸಾಲಿನ ಆರಂಭದಲ್ಲಿ ಒಂದು ಮೇಜು ಹಾಕಿ ರಕ್ತದೊತ್ತಡ, ಸಕ್ಕರೆ ನೋಡಿ, ಸಂಶಯವಿದ್ದವರನ್ನು ಆ ದಿನ ಪ್ರೇಕ್ಷಕರಾಗಿ ಕೂರಿಸಬೇಕು. ಈ ವರ್ಷದ ಕೂಟದ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ಪದಾಧಿಕಾರಿಗಳು ಇದನ್ನು ಯೋಚಿಸಲಿ.