ಹಿತ್ತಿಲ ಕೋಳಿಗೆ ಬರೀ ಕಾಳು ಸಾಲದು



ಹಸು ನೋಡಲು ಹಳ್ಳಿಗೆ ಹೋದಾಗ ಕೋಳಿಯ ಮಾತೂ ಬಂದೇ ಬರುತ್ತದೆ. "ಡಾಕ್ಟ್ರೇ, ದಿನಾ ರಾಗಿ ಹಾಕ್ತೀನಿ, ಆದ್ರೂ ಮೊಟ್ಟೆ ಕಮ್ಮಿ" ಎನ್ನುತ್ತಾರೆ. ಕೋಳಿ ಕಾವಿಗೆ ಕೂತಿಲ್ಲ, ಪುಕ್ಕ ಉದುರಿಸುತ್ತಿಲ್ಲ ಎಂದಾದರೆ ಆಹಾರವನ್ನೇ ಅನುಮಾನಿಸಬೇಕು. ರಾಗಿಯಲ್ಲಿ ಪ್ರೋಟೀನ್ ಇರುವುದು ಶೇ. 7ರ ಆಸುಪಾಸು. ಮೊಟ್ಟೆ ಇಡುವ ಕೋಳಿಗೆ ಬೇಕಾದದ್ದು ಸುಮಾರು ಶೇ. 16. ಅಕ್ಕಿ ನುಚ್ಚಿನ ಕಥೆಯೂ ಇದೇ. ಈ ಕೊರತೆಯನ್ನು ಕೋಳಿ ತುಂಬಿಕೊಳ್ಳುವುದು ಹುಳು, ಗೆದ್ದಲು, ಮಿಡತೆ, ಎಳೆ ಸೊಪ್ಪಿನಿಂದ.

ಹಾಗಾಗಿ ಬೆಳಿಗ್ಗೆ ಗೂಡಿನಿಂದ ಬಿಡುವಾಗಲೇ ಹೊಟ್ಟೆ ತುಂಬ ಕಾಳು ಹಾಕಬೇಡಿ. ಹೊಟ್ಟೆ ತುಂಬಿದ ಕೋಳಿ ತಿಪ್ಪೆ ಕೆದಕುವುದಿಲ್ಲ. ಸಂಜೆ ಗೂಡು ಸೇರುವ ಮುನ್ನ ಒಂದಕ್ಕೆ 30ರಿಂದ 50 ಗ್ರಾಂ, ಅಂದರೆ ಒಂದು ಹಿಡಿ ಸಾಕು. ಬೇಸಿಗೆಯಲ್ಲಿ ಹುಳು ಕಡಿಮೆ, ಆಗ ಸ್ವಲ್ಪ ಹೆಚ್ಚಿಸಿ. ಗಿರಿರಾಜದಂಥ ದಪ್ಪ ತಳಿಗೂ ಇಷ್ಟು ಸಾಲದು. ಮರಿಗಳಿಗೆ ಮಾತ್ರ ಮೊದಲ ಆರು ವಾರ ಮರಿ ಆಹಾರವನ್ನೇ ಕೊಡಿ.

ಹಸುವಿಗೆಂದು ಬೆಳೆಸಿದ ಅಜೋಲಾವನ್ನು ತೊಳೆದು ಒಂದಿಷ್ಟು ಹಾಕಬಹುದು. ನುಗ್ಗೆ ಸೊಪ್ಪು, ಕುದುರೆ ಮೆಂತ್ಯೆಯೂ ಒಳ್ಳೆಯದು. ಗೆದ್ದಲು ಬೇಕಿದ್ದರೆ ಹಳೇ ಮಡಕೆಗೆ ಒದ್ದೆ ಹುಲ್ಲು, ಸಗಣಿ ತುಂಬಿ, ಗೆದ್ದಲು ಓಡಾಡುವ ಜಾಗದಲ್ಲಿ ಸಂಜೆ ಬೋರಲು ಹಾಕಿ. ಮರುದಿನ ಎತ್ತಿ ಕೋಳಿಗಳ ಮುಂದೆ ಕೊಡವಿ, ಮಿಕ್ಕದ್ದು ಅವಕ್ಕೇ ಗೊತ್ತು! ಮೊಟ್ಟೆಯ ಚಿಪ್ಪು ತೆಳುವಾಗಿದ್ದರೆ ಮನೆಯಲ್ಲಿ ಒಡೆದ ಮೊಟ್ಟೆಯ ಚಿಪ್ಪನ್ನೇ ಹುರಿದು ಪುಡಿ ಮಾಡಿ ಬೇರೆ ತಟ್ಟೆಯಲ್ಲಿಡಿ. ಒಂದು ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ.

ನನಗೆ ಹೆಚ್ಚು ಚಿಂತೆ ಇರುವುದು ಬೂಸಲು ಹಿಡಿದ ಹಿಂಡಿಯ ಬಗ್ಗೆ. ಹಸು ಮೂಸಿ ಬಿಟ್ಟ ಶೇಂಗಾ ಹಿಂಡಿ, ಮುಗ್ಗಿದ ಜೋಳವನ್ನು "ಕೋಳಿಯಾದರೂ ತಿನ್ನಲಿ" ಎಂದು ಎರಚುವವರು ಬಹಳ. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ಕೋಳಿಯ ಯಕೃತ್ತನ್ನು ಕೆಡಿಸುತ್ತದೆ, ಮೊಟ್ಟೆ ಕುಗ್ಗುತ್ತದೆ, ಮರಿಗಳು ಸಾಯುತ್ತವೆ. ಬೇಯಿಸಿದರೂ ಬಿಸಿಲಿಗೆ ಹರವಿದರೂ ಪೂರ್ತಿ ಹೋಗುವುದಿಲ್ಲ. ಹಸು ತಿಂದರೆ ಹಾಲಿಗೂ ಇಳಿಯುತ್ತದೆ. ಎರಡಕ್ಕೂ ಬೇಡ, ಗುಂಡಿ ತೋಡಿ ಹೂಳಿ. ದುಡ್ಡು ಕೊಟ್ಟ ಹಿಂಡಿ, ಹೊಟ್ಟೆ ಉರಿಯುತ್ತದೆ, ನಿಜ. ಚೀಲವನ್ನು ನೆಲಕ್ಕಿಡದೆ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಟ್ಟರೆ ಬೂಸಲು ಹಿಡಿಯುವುದು ಕಡಿಮೆ.

ಪಶು ಆಹಾರವನ್ನೂ ಕೋಳಿಗೆ ಹಾಕಬೇಡಿ. ಕೆಲವು ಪಶು ಆಹಾರಗಳಲ್ಲಿ ಯೂರಿಯಾ ಇರುತ್ತದೆ. ಅದನ್ನು ಪ್ರೋಟೀನ್ ಆಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿವೆ, ಕೋಳಿಗೆ ಆ ಅನುಕೂಲವಿಲ್ಲ.

ಉಣ್ಣೆಗೆಂದು ಹಸುವಿಗೆ, ಕೊಟ್ಟಿಗೆಗೆ ಔಷಧಿ ಸಿಂಪಡಿಸುವ ದಿನ ಕೋಳಿಗಳನ್ನು ಗೂಡಿನಲ್ಲೇ ಇರಿಸಿ. ಉದುರಿದ ಉಣ್ಣೆಯನ್ನು ಅವು ಹೆಕ್ಕಿ ತಿನ್ನುತ್ತವೆ, ಔಷಧಿ ಬೆರೆತ ನೀರನ್ನೂ ಕುಡಿಯುತ್ತವೆ. ನೆಲ ಗುಡಿಸಿ, ತೊಳೆದು, ಒಣಗಿದ ಮೇಲೆ ಬಿಡಿ.